ಗಂಟೆ ಎಣಿಸಿದ ಅಕ್ಕನಿಗೆ

ಎಚ್‌ಐವಿ ತಡೆ ಮತ್ತು ಲೈಂಗಿಕ ಆರೋಗ್ಯದ ಬಗ್ಗೆ ಸಹಪಾಠಿಗಳೊಂದಿಗೆ ಮಾತನಾಡುವ ನಮ್ಮ ಕಾಲೇಜು ತಂಡದಿಂದ ಈ ವಾರ ನಾನು ಹೊರಬರುತ್ತಿದ್ದೇನೆ. ಮೂರು ವರ್ಷಗಳಲ್ಲಿ ಎಷ್ಟು ತರಗತಿಗಳಿಗೆ ಹೋದೆವು, ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದ ಕಾರ್ಯಕ್ರಮಗಳು ಹೇಗೆ ನಡೆದವು ಎಂಬುದು ಇದನ್ನು ಓದುವ ಹೆಚ್ಚಿನವರಿಗೆ ಗೊತ್ತೇ ಇದೆ. ಕೊಠಡಿ ಬಿಟ್ಟುಕೊಟ್ಟ ಅಧ್ಯಾಪಕರಿಗೆ, ಮೊದಲ ತರಬೇತಿ ನೀಡಿದ ಆಪ್ತಸಮಾಲೋಚಕರಿಗೆ, ಪೋಸ್ಟರ್ ಬರೆದವರಿಗೆ, ಕಾಂಡೋಮ್ ಬಳಸುವ ಕ್ರಮವನ್ನು ಮಾದರಿಯ ಮೇಲೆ ತೋರಿಸುವಾಗ ಹಿಂದಿನ ಬೆಂಚಿನಿಂದ ನಗು ಎದ್ದರೂ ವಿಚಲಿತರಾಗದೆ ನಿಂತ ಗೆಳೆಯ ಗೆಳತಿಯರಿಗೆ ಕೃತಜ್ಞತೆಗಳು. ನಿಮ್ಮೆಲ್ಲರನ್ನೂ ಒಂದೇ ವಾಕ್ಯದಲ್ಲಿ ಮುಗಿಸಿದೆನೆಂದು ಬೇಸರಿಸಬೇಡಿ. ಉಳಿದ ಜಾಗ ಒಬ್ಬರಿಗೆ ಸಲ್ಲಬೇಕಾದದ್ದು.

ನನಗಿಂತ ಎರಡು ವರ್ಷ ಹಿರಿಯರಾದ ಅವರನ್ನು ತಂಡದವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ನಾನು ತಂಡ ಸೇರಿದ ವರ್ಷವೇ, ಒಂದು ರಾತ್ರಿ, ನನ್ನ ತರಗತಿ ಕೇಳಿದ್ದ ವಿದ್ಯಾರ್ಥಿಯೊಬ್ಬರು ಫೋನ್ ಮಾಡಿದರು. ಕಾಂಡೋಮ್ ಹರಿದಿತ್ತು, ಸಂಗಾತಿಗೆ ಸೋಂಕಿತ್ತು, ಚಿಕಿತ್ಸೆ ಆಗಷ್ಟೇ ಶುರುವಾಗಿತ್ತು. ಪರೀಕ್ಷೆಗೆ ನಿಜವಾಗಿಯೂ ಮೂರು ತಿಂಗಳು ಕಾಯಲೇಬೇಕೇ ಎಂಬುದು ಅವರ ಪ್ರಶ್ನೆ. (ಇದನ್ನು ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ. ಯಾರಿರಬಹುದೆಂದು ಊಹಿಸಲು ದಯವಿಟ್ಟು ಹೋಗಬೇಡಿ.)

ಮೂರು ತಿಂಗಳ ಮಾತನ್ನು ಅವರಿಗೆ ಹೇಳಿದವನು ನಾನೇ. ಸೋಂಕು ತಗುಲಿದ್ದರೂ ಪರೀಕ್ಷೆಯಲ್ಲಿ ಕಾಣಿಸದ ವಿಂಡೋ ಅವಧಿಯನ್ನು ವಿವರವಾಗಿ ತಿಳಿಸಿದ್ದ ನಾನು, 72 ಗಂಟೆಯೊಳಗೆ ಆರಂಭಿಸಿ 28 ದಿನ ತಪ್ಪದೆ ತೆಗೆದುಕೊಂಡರೆ ಸೋಂಕು ನೆಲೆಯೂರದಂತೆ ತಡೆಯಬಲ್ಲ ಪೆಪ್ ಎಂಬ ಔಷಧೋಪಚಾರದ ವಿಷಯವನ್ನು ಸಮಯ ಸಾಲದೆಂದು ಬಿಟ್ಟುಬಿಟ್ಟಿದ್ದೆ. ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರುವುದಿಲ್ಲ ಎಂಬುದನ್ನು ಮಾತ್ರ ತಮಾಷೆಯಾಗಿ ಎರಡೆರಡು ಸಲ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡಿದ್ದೆ.

ಆ ರಾತ್ರಿ ಅಕ್ಕನಿಗೆ ಫೋನ್ ಮಾಡಿದಾಗ, ಯಾರು, ಯಾರೊಂದಿಗೆ, ಏಕೆ ಎಂದು ಅವರು ಕೇಳಲಿಲ್ಲ. “ಎಷ್ಟು ಗಂಟೆಯಾಯಿತು?” ಎಂದಷ್ಟೇ ಕೇಳಿದರು. ಲೆಕ್ಕ ಹಾಕಿ 58 ಎಂದೆ. “ಹಾಗಾದರೆ ಬೆಳಗಾಗುವವರೆಗೆ ಕಾಯುವುದು ಬೇಡ, ತಡವಾದಷ್ಟೂ ಔಷಧಿಯ ಬಲ ಕಡಿಮೆ” ಎಂದವರೇ ನಮಗಿಂತ ಮೊದಲು ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಲ್ಲಿ ನಿಂತಿದ್ದರು. ವೈದ್ಯರು ವಿದ್ಯಾರ್ಥಿಯನ್ನು ಒಳಗೆ ಕರೆದಾಗ ನಾನೂ ಎದ್ದೆ. ಅಕ್ಕ ನನ್ನ ತೋಳು ಹಿಡಿದು ಕೂರಿಸಿದರು.

ಹೊರಗಿನ ಬೆಂಚಿನ ಮೇಲೆ ನಾನು ಅತ್ತುಬಿಟ್ಟೆ. ಇದೇ ಮಾತನ್ನು ಅಧ್ಯಾಪಕರು ಹೇಳಿದ್ದರೆ ಆ ವಿದ್ಯಾರ್ಥಿ ಅನುಮಾನಪಟ್ಟು ಇನ್ನೊಬ್ಬರನ್ನು ಕೇಳುತ್ತಿದ್ದರೇನೋ. ತಮ್ಮದೇ ವಯಸ್ಸಿನವನು ಹೇಳಿದ್ದೆಂದು ನಂಬಿದರು. ಆ ನಂಬಿಕೆಯ ಆಧಾರದ ಮೇಲೆಯೇ ನಮ್ಮ ಕೆಲಸವೆಲ್ಲ ನಿಂತಿದೆಯೆಂದು ತರಬೇತಿಯಲ್ಲಿ ಹೆಮ್ಮೆಯಿಂದ ಕೇಳಿಸಿಕೊಂಡಿದ್ದೆ. ನಾನು ಹೇಳಿದ ಅರ್ಧ ಸತ್ಯವನ್ನು ನೆಚ್ಚಿ ಒಬ್ಬರು ಎರಡು ದಿನ ಒಂಟಿಯಾಗಿ ಹೆದರುತ್ತ ಕೂತಿದ್ದರೆಂಬುದನ್ನು ನೆನೆದರೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಕ್ಕ ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ನನ್ನ ತರಗತಿಯ ಟಿಪ್ಪಣಿ ಕೇಳಿ ಪಡೆದು, ಸೊಳ್ಳೆಯ ಭಾಗಕ್ಕೆ ಗೀಟು ಎಳೆದು, ಆ ಜಾಗದಲ್ಲಿ ದೊಡ್ಡದಾಗಿ 72 ಎಂದು ಬರೆದರು.

ವಿದ್ಯಾರ್ಥಿ ರಕ್ತ ಪರೀಕ್ಷೆಗೆ ಕೊಟ್ಟು, ಮೊದಲ ಡೋಸ್ ನುಂಗಿ ಹೊರಬಂದು, ಸಂಗಾತಿಯ ಮೇಲೆ ಕಿಡಿಕಾರತೊಡಗಿದಾಗ ಅಕ್ಕ ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಸೋಂಕಿರುವವರು ಚಿಕಿತ್ಸೆಯ ಮಾತ್ರೆಯನ್ನು ತಪ್ಪಿಸದೆ ತೆಗೆದುಕೊಂಡು, ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ ಅವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲವೆಂದೂ, ಸಂಗಾತಿಯೂ ಈಗಷ್ಟೇ ಆ ದಾರಿ ಹಿಡಿದಿದ್ದಾರೆಂದೂ ಮೆಲ್ಲಗೆ ತಿಳಿಸಿದರು. ಮುಂದಿನ 28 ದಿನವೂ ಸಂಜೆ ವಿದ್ಯಾರ್ಥಿಗೆ ಅಕ್ಕನ ಒಂದು ಸಂದೇಶ ಹೋಗುತ್ತಿತ್ತು. ಮೊದಲ ವಾರ ವಾಕರಿಕೆಗೆ ಬೇಸತ್ತು ಮಾತ್ರೆ ಬಿಟ್ಟುಬಿಡುವ ಯೋಚನೆ ಬಂದಾಗ, ವೈದ್ಯರನ್ನು ಮತ್ತೆ ಕಾಣಲು ಜೊತೆಗೆ ಹೋದವರೂ ಅವರೇ.

ಕೊನೆಯ ಪರೀಕ್ಷೆ ಮುಗಿದ ದಿನ ಫಲಿತಾಂಶ ಏನಾಯಿತೆಂದು ಅಕ್ಕನನ್ನು ಕೇಳಿದೆ. “ನನಗೆ ಗೊತ್ತಿಲ್ಲ, ನಾನು ಕೇಳಿಲ್ಲ. ನೀನೂ ಕೇಳಬೇಡ” ಎಂದರು. ಇಂದಿನವರೆಗೂ ಕೇಳಿಲ್ಲ.

ಅಕ್ಕಾ, ಆ ರಾತ್ರಿ ನಿಮಗೊಂದು ಧನ್ಯವಾದ ಹೇಳಲೂ ನನಗೆ ತೋಚಲಿಲ್ಲ; ಈಗ ಹೇಳುತ್ತಿದ್ದೇನೆ. ನಾಳೆ ಹೊಸ ತಂಡಕ್ಕೆ ಪ್ರಶ್ನೆ ಪೆಟ್ಟಿಗೆಯ ಬೀಗದ ಕೈ ಕೊಡುವಾಗ, ನೀವು ಗೀಟು ಎಳೆದ ಆ ಹಾಳೆಯನ್ನೂ ಜೊತೆಗಿಡುತ್ತೇನೆ. ಮಡಿಕೆಗಳಲ್ಲಿ ಹರಿಯುತ್ತ ಬಂದಿದೆ, ಆದರೆ 72 ಈಗಲೂ ಸ್ಪಷ್ಟವಾಗಿ ಕಾಣುತ್ತದೆ.