ಜಾಲಿ ಮುಳ್ಳಿಗೆ ಹಲ್ಲಿನ ಹೆದರಿಕೆ ಇಲ್ಲ

ಗಂಗಾವತಿ

ಚಿರಂಜೀವಿ ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಗುಡ್ಡ ಹತ್ತುವ ಸೈಕಲ್ಲಿಗೆ ಕೊಳ್ಳಲೋ ಅಂತ ನೀನು ಕಳಿಸಿದ ಟೈರಿನ ಫೋಟೋ ನೋಡಿದೆ. ರಬ್ಬರಿನ ಮೇಲೆ ಅಷ್ಟು ದೊಡ್ಡ ಹಲ್ಲು! ಸೈಕಲ್ ಓಡಿಸೋಕೋ, ಹೊಲ ಉಳೋಕೋ ಅನ್ನಿಸಿತು. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ "ಹೂಂ ಮಾಮಾ" ಅನ್ನುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ದುಡ್ಡು ಕೊಡುವ ಮೊದಲು ಓದು.

ನೀನು ಓಡಿಸುವುದು ಎಲ್ಲಿ? ಬಳ್ಳಾರಿಯಲ್ಲಿದ್ದಾಗ ಸಂಡೂರಿನ ಗುಡ್ಡ, ಇಲ್ಲಿಗೆ ಬಂದರೆ ಆನೆಗೊಂದಿ, ಸಾಣಾಪುರದ ಬಂಡೆ. ಮಳೆಗಾಲ ಬಿಟ್ಟರೆ ಎಲ್ಲ ಒಣ ನೆಲ. ಬರೀ ಬಂಡೆಯಾದರೆ ಯಾವ ಟೈರಾದರೂ ಕಚ್ಚಿಕೊಳ್ಳುತ್ತದೆ, ನಮ್ಮ ಕಲ್ಲು ಉಪ್ಪುಕಾಗದದ ಹಾಗೆ ಒರಟು. ಜಾರಿಸುವುದು ಅದರ ಮೇಲೆ ಕೂತ ಗರಸು. ಜೋಳದ ಕಾಳು ಚೆಲ್ಲಿದ ಅಂಗಳದಲ್ಲಿ ಕಾಲಿಟ್ಟ ಹಾಗೆ. ಅಲ್ಲಿ ತಿರುವಿನಲ್ಲಿ ಹಿಡಿಯುವುದು ನಡುವಿನ ಹಲ್ಲಲ್ಲ, ಅಂಚಿನದು. ಅಂಗಡಿಯಲ್ಲಿ ಅಂಚಿನ ಹಲ್ಲನ್ನು ಹೆಬ್ಬೆರಳಿಂದ ಒತ್ತಿ ನೋಡು. ಸುಲಭಕ್ಕೆ ಮಲಗಿದರೆ ತಿರುವಿನಲ್ಲೂ ಮಲಗುತ್ತದೆ, ಜೊತೆಗೆ ನಿನ್ನನ್ನೂ ಮಲಗಿಸುತ್ತದೆ.

ಹಿಂದೆ ಮುಂದೆ ಒಂದೇ ಟೈರ್ ಇರಬೇಕು ಅಂತ ಯಾರು ಹೇಳಿದರೋ! ಇವೇನು ಜೋಡೆತ್ತಾ? ಹಿಂದಿನ ಗಾಲಿ ಜಾರಿದರೆ ಎದೆ ಝಲ್ಲೆನ್ನುತ್ತದೆ, ಅಷ್ಟೇ. ಮುಂದಿನದು ಜಾರಿದರೆ ನೆಲದ ಮೇಲೇ ಕಣ್ಣು ಬಿಡೋದು. ಮುಂದಕ್ಕೆ 2.4 ಇಂಚು ಅಗಲದ, ಮೆತ್ತನೆ ರಬ್ಬರಿನ, ಅಂಚು ಗಟ್ಟಿ ಇರುವ ಟೈರ್ ಹಾಕು. ಹಿಂದಕ್ಕೆ 2.3 ಸಾಕು, ಹಲ್ಲು ತಗ್ಗಾಗಿ ಒತ್ತೊತ್ತಾಗಿರಲಿ, ರಬ್ಬರ್ ಗಡುಸಿರಲಿ. ನಿನ್ನ ಭಾರ ಜಾಸ್ತಿ ಹೊರುವುದು, ಪೆಡಲಿನ ಎಳೆತ ತಿನ್ನುವುದು, ಮೊದಲು ಸವೆಯುವುದು ಎಲ್ಲ ಹಿಂದಿನದೇ. ಅದು ಸವೆದಾಗ ಮುಂದಿನದನ್ನು ಹಿಂದಕ್ಕೆ ಹಾಕು, ಹೊಸದನ್ನು ಮುಂದಕ್ಕೆ. ದುಡ್ಡು ಉಳಿಸೋಕೆ ಹೋಗಿ ಉಲ್ಟಾ ಮಾಡಬೇಡ. ಟೈರಿನ ಮೇಲೆ ಬಾಣದ ಗುರುತಿರುತ್ತದೆ, ಗಾಲಿ ತಿರುಗುವ ದಿಕ್ಕಿಗೇ ಅದು ಇರಬೇಕು. ಸೈಜು ಬಾಯಲ್ಲಿ ಹೇಳಬೇಡ, ಈಗಿರುವ ಟೈರಿನ ಮೇಲೆ ಓದಿಕೊಂಡು ಹೋಗು. 29 ಇಂಚಿನ ಗಾಲಿಯಾದರೆ 622 ಅಂತಿರುತ್ತದೆ, 27.5 ಆದರೆ 584.

ಇನ್ನು ಬಾಳಿಕೆ. ಇಷ್ಟು ವರ್ಷ ಅಂಗಡಿಯಲ್ಲಿ ಕೂತು ನೋಡಿದ್ದೇನೆ, ನಮ್ಮ ಕಡೆ ಹಲ್ಲು ಸವೆದು ಸತ್ತ ಟೈರ್ ಕಡಿಮೆ. ಸಾಯುವುದು ಮುಳ್ಳಿಗೆ, ಇಲ್ಲವೇ ಕಲ್ಲಿನ ಅಂಚಿಗೆ. ನಿಮ್ಮ ಊರಿನ ಹೆಸರನ್ನೇ ಇಟ್ಟುಕೊಂಡಿದೆ ಆ ಗಿಡ, ಬಳ್ಳಾರಿ ಜಾಲಿ! ಒಣಗಿದ ಕೊಂಬೆ ದಾರಿಗೆ ಬಿದ್ದಿದ್ದರೆ ಆಯಿತು, ಹಲ್ಲಿನ ಸಂದಿಯಲ್ಲಿ ಸೀದಾ ನುಗ್ಗುತ್ತದೆ. ಹಲ್ಲು ಎತ್ತರ ಇದ್ದರೆ ಅದಕ್ಕೇನು ಹೆದರಿಕೆ? ನೆಗ್ಗಿಲು ಇನ್ನೂ ಕಳ್ಳ, ನೆಲಕ್ಕೆ ಅಂಟಿ ಕೂತು ಒಂದೇ ಸುತ್ತಿಗೆ ನಾಲ್ಕೈದು ಕಡೆ ಚುಚ್ಚಿರುತ್ತದೆ. ಕಲ್ಲು ಇನ್ನೊಂದು ಬಗೆ. ಸಿಡಿದ ಬಂಡೆಯ ಅಂಚು ಟೈರಿನ ಪಕ್ಕೆಯನ್ನು ಕುಡುಗೋಲಿನ ಹಾಗೆ ಸೀಳುತ್ತದೆ. ಅದಕ್ಕೆ ಯಾವ ಸೊಲ್ಯೂಷನ್ನೂ ನಿಲ್ಲುವುದಿಲ್ಲ.

ಹಾಗಾಗಿ ಪಕ್ಕೆ ನೋಡಿ ಟೈರ್ ಕೊಳ್ಳು. ಟಿಪಿಐ ಅಂತ ಬರೆದಿರುತ್ತಾರಲ್ಲ, ಅದು ಒಳಗಿನ ಬಟ್ಟೆಯ ಎಳೆಯ ಲೆಕ್ಕ, ಇಂಚಿಗೆ ಎಷ್ಟು ಅಂತ. 120 ಅಂದರೆ ಮಲ್ಮಲ್ ಪಂಚೆ, ಹಗುರ, ಮೆತ್ತಗೆ. 60 ಅಂದರೆ ಜಮಖಾನ. ನಮ್ಮ ಕಲ್ಲಿಗೆ ಜಮಖಾನವೇ ಸರಿ. ಪಕ್ಕೆಗೆ ಹೆಚ್ಚಿನ ಪದರ ಇರುವ ಟೈರುಗಳೂ ಇವೆ, ಮ್ಯಾಕ್ಸಿಸ್ ಟೈರಿನ ಮೇಲೆ ಎಕ್ಸೋ ಅಂತಿದ್ದರೆ ಅದೇ. ಸ್ವಲ್ಪ ಭಾರ ಆಯಿತು ಅಂತ ಗೊಣಗಬೇಡ. ಬಿಸಿಲಲ್ಲಿ ಸೈಕಲ್ ತಳ್ಳಿಕೊಂಡು ಬರುವುದಕ್ಕಿಂತ ಅದು ಹಗುರ.

ಗಾಳಿಯ ವಿಷಯಕ್ಕೆ ನನ್ನ ಪೆದ್ದತನವನ್ನೇ ಹೇಳುತ್ತೇನೆ. ಗಟ್ಟಿ ಇದ್ದರೆ ಪಂಕ್ಚರ್ ಆಗಲ್ಲ ಅಂತ ಒಮ್ಮೆ ಗಾಳಿಯ ಒತ್ತಡದ ಅಳತೆಯಲ್ಲಿ 45 ಪಿಎಸ್‌ಐ ಹೊಡೆದು ಸಾಣಾಪುರದ ಕೆರೆ ಕಡೆ ಇಳಿದೆ. ಟೈರ್ ಕಲ್ಲಿಂದ ಕಲ್ಲಿಗೆ ಚೆಂಡಿನ ಹಾಗೆ ಪುಟಿಯಿತು. ಮೊಣಕೈಯ ಚರ್ಮ ಅಲ್ಲೇ ಬಿಟ್ಟು ಬಂದೆ. ಮುಂದಿನ ವಾರ ರೋಷಕ್ಕೆ ತೀರಾ ಕಡಿಮೆ ಮಾಡಿದೆ. ರಿಮ್ಮು ಕಲ್ಲಿಗೆ ಬಡಿದು ಟ್ಯೂಬ್ ನಡುವೆ ಸಿಕ್ಕಿತು. ಬೋಗುಣಿ ನೀರಲ್ಲಿ ಮುಳುಗಿಸಿದರೆ ಪಕ್ಕಪಕ್ಕದಲ್ಲೇ ಎರಡು ಸಾಲು ಗುಳ್ಳೆ, ಹಾವು ಕಚ್ಚಿದ ಹಾಗೆ ಎರಡು ತೂತು. ಅಲ್ಲಿಗೆ ಟ್ಯೂಬಿನ ಸಹವಾಸ ಬಿಟ್ಟೆ.

ನೀನೂ ಟ್ಯೂಬ್‌ಲೆಸ್ ಮಾಡಿಸು. ಅಂದರೆ ಟ್ಯೂಬೇ ಇಲ್ಲದೆ ಟೈರಿಗೇ ಗಾಳಿ ತುಂಬುವುದು. ರಿಮ್ಮು ಅದಕ್ಕೆ ಒಗ್ಗುತ್ತದೋ ಕೇಳಿಕೋ. ಒಳಗಿನ ಹಾಲಿನಂಥ ಸೀಲೆಂಟ್ ಮುಳ್ಳಿನ ತೂತನ್ನು ತಾನೇ ಮುಚ್ಚುತ್ತದೆ. ಮುಳ್ಳು ಕಿತ್ತ ಕೂಡಲೇ ತೂತು ಕೆಳಗೆ ಬರುವ ಹಾಗೆ ಗಾಲಿ ತಿರುಗಿಸಿ ನಿಲ್ಲಿಸು, ಆಗ ಸೀಲೆಂಟ್ ಅಲ್ಲಿಗೆ ಇಳಿಯುತ್ತದೆ. ನಿನ್ನ ಐವತ್ತೈದು ಕೆಜಿಗೆ ಗಾಳಿ ಮುಂದೆ 20, ಹಿಂದೆ 23 ಪಿಎಸ್‌ಐಯಿಂದ ಶುರು ಮಾಡು. ರಿಮ್ಮು ಬಡಿದರೆ ಒಂದೊಂದೇ ಏರಿಸು. ಗಾಳಿ ನೋಡುವುದು ಬೆಳಿಗ್ಗೆ ನೆರಳಿನಲ್ಲಿ. ನಡು ಮಧ್ಯಾಹ್ನ ಕಾದ ಟೈರ್ ಎರಡು ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ನಮ್ಮ ಸೆಕೆಗೆ ಸೀಲೆಂಟೂ ಬೇಗ ಒಣಗುತ್ತದೆ. ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ಗಾಲಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸು. ಎಳನೀರಿನ ಸದ್ದು ಬರದಿದ್ದರೆ ಮತ್ತೆ ಹಾಕಿಸು.

ರಾಯಚೂರಿನ ಗೆಳತಿ ಮಳೆಗಾಲದಲ್ಲಿ ಕರೆಯುತ್ತಾಳೆ ಅಂದೆಯಲ್ಲ, ಹೋಗು, ಸೈಕಲ್ ಬಿಟ್ಟು ಹೋಗು. ಹಸಿ ಎರೆ ಮಣ್ಣಿಗೆ ಯಾವ ಟೈರೂ ಇಲ್ಲ. ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿ ರೊಟ್ಟಿ ಹಿಟ್ಟಿನ ಮುದ್ದೆ ಆಗಿರುತ್ತದೆ.

ಹಳೇ ಟೈರ್ ಅಂಗಡಿಯಲ್ಲೇ ಬಿಟ್ಟು ಬರಬೇಡ. ದೀಪಾವಳಿಗೆ ಬರುವಾಗ ತಗೊಂಡು ಬಾ. ಅದರ ಪಕ್ಕೆಯಿಂದ ಮೂರು ಬೆರಳಗಲದ ತುಂಡು ಕತ್ತರಿಸಿ ಕೊಡುತ್ತೇನೆ. ಸೀಟಿನ ಚೀಲದಲ್ಲಿ ಅದನ್ನೂ ಒಂದು ಟ್ಯೂಬನ್ನೂ ಇಟ್ಟುಕೊಂಡಿರು. ದಾರಿಯಲ್ಲಿ ಪಕ್ಕೆ ಸೀಳಿದರೆ ತುಂಡನ್ನು ಒಳಗಿಟ್ಟು ಟ್ಯೂಬ್ ಹಾಕಿಕೊಂಡು ಮನೆ ಸೇರಬಹುದು.

ನಿಮ್ಮತ್ತೆ ಶೇಂಗಾ ಚಟ್ನಿಪುಡಿ ಕುಟ್ಟಿಟ್ಟಿದ್ದಾಳೆ.

ನಿನ್ನ ಮಾಮಾ