ಫೋಟೊ ಆದ ಮೇಲೆ ಲೈಫ್ ಜಾಕೆಟ್ ಬಿಚ್ಚಿಸುವ ಬೋಟುಗಳು: ಪ್ರವಾಸೋದ್ಯಮ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ದಾವಣಗೆರೆಯಿಂದ ಒಬ್ಬ ಟಿಟಿ (ಟೆಂಪೊ ಟ್ರಾವೆಲರ್) ಡ್ರೈವರ್‌ನ ನಮಸ್ಕಾರ. ಗಾಡಿಯೂ ನನ್ನದೇ, ಅದರ ಮೇಲಿನ ಸಾಲವೂ ನನ್ನದೇ. ರಜೆ ಬಂತೆಂದರೆ ನಮ್ಮೂರಿನ ಸಂಸಾರಗಳನ್ನು ಕೂರಿಸಿಕೊಂಡು ಶಿವಮೊಗ್ಗ, ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿ ಇಳಿದು ಉಡುಪಿ, ಮಂಗಳೂರು, ಧರ್ಮಸ್ಥಳ ತೋರಿಸಿಕೊಂಡು ಬರುವುದು ನನ್ನ ಕಸುಬು. ಕಛೇರಿಗಳಿಗೆ ಅರ್ಜಿ ಬರೆದು ಸಾಕಾಗಿದೆ. ಅವುಗಳಲ್ಲಿ ಒಂದಕ್ಕಾದರೂ ಸರಿಯಾದ ಉತ್ತರ ಬಂದಿದ್ದರೆ ಹೀಗೆ ನಾಲ್ಕು ಜನ ಓದುವಂತೆ ಬರೆಯುತ್ತಿರಲಿಲ್ಲ.

ವಿಷಯ ಬೋಟಿನದ್ದು. ದಾವಣಗೆರೆಯವನಿಗೆ ಬೋಟಿನ ಉಸಾಬರಿ ಯಾಕಪ್ಪಾ ಅಂತ ಒಬ್ಬ ಅಧಿಕಾರಿ ನನ್ನನ್ನು ಕೇಳಿದ್ದೂ ಆಗಿದೆ. ದಾವಣಗೆರೆಯವರಾಗಿರುವುದಕ್ಕೇ ಸ್ವಾಮಿ ಈ ಉಸಾಬರಿ. ನಮಗೆ ನೀರು ಎಂದರೆ ಭದ್ರಾ ನಾಲೆ, ಕುಂದವಾಡ ಕೆರೆ, ಹರಿಹರದ ಹೊಳೆ, ಹೆಚ್ಚೆಂದರೆ ಸೂಳೆಕೆರೆ. ನಾಲೆ ಹತ್ತಿರ ಹೋದರೆ ಕಾಲು ಮುರೀತೀನಿ ಅಂತ ಅಪ್ಪ ಅವ್ವನಿಂದ ಬೈಸಿಕೊಂಡು ಬೆಳೆದವರು ನಾವು. ಗಾಡಿ ತುಂಬ ಜನ ಇದ್ದರೂ ಅದರಲ್ಲಿ ಈಜು ಬರುವವರನ್ನು ಹುಡುಕಬೇಕು. ಕರಾವಳಿಯವರು ಗಾಳಿ ನೋಡಿ, ನೀರಿನ ಬಣ್ಣ ನೋಡಿ ಇವತ್ತು ಬೇಡ ಎನ್ನುತ್ತಾರೆ. ನಮ್ಮವರು ಟಿಕೆಟ್ ಕೊಟ್ಟರು ಅಂದರೆ ಸರ್ಕಾರ ಎಲ್ಲ ನೋಡಿಕೊಂಡಿರುತ್ತೆ ಅಂತ ಹತ್ತಿ ಕೂರುತ್ತಾರೆ. ಪಾಪ, ಸರ್ಕಾರದ ಮೇಲೆ ಅಷ್ಟು ನಂಬಿಕೆ.

ಹೋದ ಕ್ರಿಸ್‌ಮಸ್ ರಜೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಯಾವ ಜೆಟ್ಟಿ, ಯಾರ ಬೋಟು ಅಂತ ಬರೆಯುವುದಿಲ್ಲ. ಒಬ್ಬನ ಹೊಟ್ಟೆ ಮೇಲೆ ಹೊಡೆದು ನನಗೇನೂ ಆಗಬೇಕಿಲ್ಲ, ಮತ್ತೆ ಇದು ಒಬ್ಬನ ಕತೆಯೂ ಅಲ್ಲ. ಮಂಗಳೂರಿನ ಹಳೆಯ ಬಂದರಿನ ಸುತ್ತ ಒಂದೂವರೆ ಗಂಟೆಯ ಬೋಟ್ ಟೂರ್. ‘ಸಣ್ಣ ಗುಂಪು, ಹತ್ತು ಜನಕ್ಕೆ ಮಾತ್ರ, ಜೊತೆಗೆ ಗೈಡ್’ ಎಂದು ಫೋನಿನಲ್ಲಿ ಹೇಳಿದ್ದರು. ನಮ್ಮ ಗಾಡಿಯಲ್ಲಿ ಇದ್ದದ್ದೂ ಹತ್ತೇ ಜನ. ಒಬ್ಬರು ರಿಟೈರ್ಡ್ ಟೀಚರಮ್ಮ, ಅವರ ಮಗಳ ಸಂಸಾರ, ಹೊನ್ನಾಳಿ ಕಡೆಯ ಒಬ್ಬ ಅಜ್ಜಿ, ಅಜ್ಜಿಯ ಮಕ್ಕಳು ಮೊಮ್ಮಕ್ಕಳು. ಅಜ್ಜಿ ಅದಕ್ಕೂ ಮುಂಚೆ ಸಮುದ್ರ ನೋಡಿದವರಲ್ಲ.

ಟೂರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಇದನ್ನು ದಯವಿಟ್ಟು ಗಮನಿಸಿ. ಮಂಗಳೂರನ್ನು ರಸ್ತೆಯಿಂದ ನೋಡುವುದೇ ಬೇರೆ, ನೀರಿನಿಂದ ನೋಡುವುದೇ ಬೇರೆ. ಬೋಳೂರಿನ ಸುಲ್ತಾನ್ ಬತ್ತೇರಿಯನ್ನು ರಸ್ತೆ ಕಡೆಯಿಂದ ನೋಡಿದವರು ‘ಇಷ್ಟೇನಾ’ ಅಂತ ವಾಪಸ್ ಬರುತ್ತಾರೆ. ಗುರುಪುರ ನದಿಯ ಮಧ್ಯೆ ನಿಂತು ನೋಡಿದರೆ, ಹಡಗು ಒಳಗೆ ನುಗ್ಗದಂತೆ ತೋಪಿನ ಕಿಂಡಿಗಳನ್ನು ಹೊಳೆ ಕಡೆಗೆ ತಿರುಗಿಸಿ ಆ ಕಪ್ಪು ಕಲ್ಲಿನ ಬುರುಜನ್ನು ಟಿಪ್ಪು ಯಾಕೆ ಕಟ್ಟಿಸಿದ ಅನ್ನುವುದು ಮಕ್ಕಳಿಗೂ ತಿಳಿಯುತ್ತದೆ. ಟಿಪ್ಪುವಿಗೂ ಇಂಗ್ಲಿಷರಿಗೂ 1784ರಲ್ಲಿ ಒಪ್ಪಂದ ಆದದ್ದು ಇದೇ ಊರಲ್ಲಿ ಎಂದು ಟೀಚರಮ್ಮ ಮೊಮ್ಮಗನಿಗೆ ಹೇಳುತ್ತಿದ್ದರು. ಹಳೇ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು, ಅಂದರೆ ಸರಕಿನ ಹಡಗುಗಳು, ಸಾಮಾನು ತುಂಬಿಸಿಕೊಳ್ಳುತ್ತವೆ. ಆ ಕಡೆ ಬೆಂಗ್ರೆ, ಒಂದು ಮಗ್ಗುಲಿಗೆ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು ಇಟ್ಟುಕೊಂಡ ಮರಳಿನ ಪಟ್ಟಿ.

ಅಜ್ಜಿಗೆ ಇದ್ಯಾವುದೂ ಬೇಕಿರಲಿಲ್ಲ. ಹಂಚಿನ ಕಾರ್ಖಾನೆ ವಿಷಯ ಬಂದಾಗ ಮಾತ್ರ ಕಿವಿ ನಿಮಿರಿತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿ ದಡದಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಜೇಡಿ ಹೊಳೆದಂಡೆಯದ್ದೇ. ಸುಟ್ಟ ಹಂಚು ಹೋಗುತ್ತಿದ್ದದ್ದೂ ಇದೇ ಬಂದರಿನಿಂದ ಹಡಗು ಹತ್ತಿ. ‘ನಮ್ಮ ಹಟ್ಟಿ ಮೇಲಿರೋ ಹಂಚು ಇಲ್ಲಿಂದ್ಲೇ ಬಂದದ್ದೇನಪ್ಪಾ?’ ಎಂದು ಅಜ್ಜಿ ಕೇಳಿದರು. ಹೌದು ಅಂದಾಗ ಆ ಮುಖ ನೋಡಬೇಕಿತ್ತು ನೀವು. ಅದಕ್ಕೇ ಹೇಳುವುದು, ಈ ಟೂರ್ ಮುಚ್ಚಿಸಿ ಅಂತ ನನ್ನ ಬೇಡಿಕೆ ಅಲ್ಲ. ನನ್ನ ಅರ್ಜಿ ಓದಿದವರು ಅಷ್ಟನ್ನೇ ಅರ್ಥ ಮಾಡಿಕೊಂಡು ‘ಪ್ರವಾಸೋದ್ಯಮಕ್ಕೆ ಧಕ್ಕೆ ಆಗುತ್ತೆ’ ಅಂದುಬಿಟ್ಟರು.

ಈಗ ನಡೆದದ್ದು. ಜೆಟ್ಟಿಯಲ್ಲಿ ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟರು. ತಲೆಗೆ ಐವತ್ತು ರೂಪಾಯಿ ಬಾಡಿಗೆ, ಟಿಕೆಟ್ ಬೇರೆ. ಜೀವಕ್ಕೆ ಬಾಡಿಗೆ ಕಟ್ಟುವುದನ್ನು ಅಲ್ಲೇ ನೋಡಿದ್ದು. ಇರಲಿ, ಕೊಟ್ಟೆವು. ಟೀಚರಮ್ಮನ ಮೊಮ್ಮಗನಿಗೂ ದೊಡ್ಡವರ ಜಾಕೆಟ್ಟೇ. ಆರು ವರ್ಷದ ಹುಡುಗನಿಗೆ ಅದು ಮೊಣಕಾಲ ತನಕ ಬರುತ್ತಿತ್ತು. ಭುಜದ ಹತ್ತಿರ ಹಿಡಿದು ಎತ್ತಿದರೆ ತಲೆ ಮೇಲಿಂದ ಪೂರಾ ಈಚೆ ಬಂತು. ನೀರಿಗೆ ಬಿದ್ದರೆ ಜಾಕೆಟ್ ಮೇಲೆ ತೇಲುತ್ತೆ, ಹುಡುಗ ಕೆಳಗೆ ಹೋಗುತ್ತಾನೆ. ಮಕ್ಕಳದ್ದು ಇಲ್ವಾ ಅಂದೆ. ‘ಉಂಟು, ಇವತ್ತು ತರ್ಲಿಲ್ಲ’ ಅಂದರು.

ಎಲ್ಲರನ್ನೂ ಬೋಟಿನಲ್ಲಿ ಸಾಲಾಗಿ ಕೂರಿಸಿ ಫೋಟೊ ಹೊಡೆದರು, ಜೆಟ್ಟಿಯ ಬೋರ್ಡು ಕಾಣುವ ಹಾಗೆ. ಆಮೇಲೆ ಹುಡುಗನೊಬ್ಬ ಚೀಲ ಹಿಡಿದು ಬಂದ.

‘ಫೋಟೊ ಆಯ್ತಲ್ಲ, ಜಾಕೆಟ್ ಕೊಡಿ.’

ನನಗೆ ತಮಾಷೆ ಅನ್ನಿಸಿತು. ತಮಾಷೆ ಆಗಿರಲಿಲ್ಲ. ಇನ್ನೊಂದು ಬೋಟು ಹೊರಡುವುದಿತ್ತಂತೆ, ಅವರಿಗೂ ಫೋಟೊ ಆಗಬೇಕಂತೆ. ಇದ್ದ ಜಾಕೆಟ್ಟು ಅಷ್ಟೇ. ಒಂದೊಂದಾಗಿ ಎಲ್ಲರ ಮೈಮೇಲಿಂದ ಬಿಚ್ಚಿಸಿಕೊಂಡು ಚೀಲಕ್ಕೆ ತುಂಬಿಕೊಂಡು ಹೋದ. ಅಜ್ಜಿಗೆ ಬಕಲ್ ಬಿಚ್ಚಲು ಬರಲಿಲ್ಲ ಅಂತ ಅವನೇ ಕೂತು ಬಿಚ್ಚಿದ, ಬಹಳ ಮರ್ಯಾದೆಯಿಂದ. ಜಾಕೆಟ್ ಹೋಗಿ ಖಾಲಿಯಾದ ಜಾಗಕ್ಕೆ ಇನ್ನೊಂದು ಊರಿನ ಗುಂಪು ಬಂತು. ಮುಂಭಾಗದ ತುದಿಯಲ್ಲಿ ಕಾಲೇಜು ಹುಡುಗರು ಬೇರೆ. ನಾನು ಎಣಿಸಿದೆ, ಬೋಟ್ ನಡೆಸುವವನನ್ನು ಬಿಟ್ಟು ಇಪ್ಪತ್ತಮೂರು ತಲೆ. ಸಂತೆಗೆ ಕುರಿ ತುಂಬಿದ ಹಾಗೆ. ಗೈಡ್ ಎಲ್ಲಿ ಅಂದರೆ ಸ್ಪೀಕರ್ ತೋರಿಸಿದರು. ರೆಕಾರ್ಡ್ ಮಾಡಿಟ್ಟ ಮಾತು ಎಂಜಿನ್ ಸದ್ದಿನಲ್ಲಿ ಅರ್ಧ ಕೇಳಿತು, ಅರ್ಧ ಇಲ್ಲ.

ಇಳಿದುಬಿಡೋಣ ಅಂದೆ. ದುಡ್ಡು ವಾಪಸ್ ಇಲ್ಲ ಅಂದರು. ಮಕ್ಕಳು ಅಳುವುದಕ್ಕೆ ಶುರು ಮಾಡಿದವು. ‘ಎಂಥ ಆಗುದಿಲ್ಲ ಮಾರಾಯ್ರೆ, ದಿನಾ ಹೋಗುದು ನಾವು’ ಅಂತ ಬೋಟಿನವರು ಹಗ್ಗ ಬಿಚ್ಚಿಯೇಬಿಟ್ಟರು.

ಹೊಳೆಯೊಳಗೆ ಇರುವ ತನಕ ಏನೂ ಅನಿಸಲಿಲ್ಲ. ಅಳಿವೆ ಬಾಗಿಲ ಹತ್ತಿರ, ಅಂದರೆ ನೇತ್ರಾವತಿ, ಗುರುಪುರ ಎರಡೂ ಸೇರಿ ಕಡಲಿಗೆ ಬೀಳುವ ಕಡೆ, ಬೋಟು ಬೇರೆ ರೀತಿ ಆಡಲು ಶುರು ಮಾಡಿತು. ಇಳಿತದ ಹೊತ್ತು. ಹೊಳೆ ನೀರು ಹೊರಗೆ ಎಳೆಯುತ್ತೆ, ಎದುರಿನಿಂದ ಕಡಲಿನ ಅಲೆ ತಳ್ಳುತ್ತೆ. ಅಷ್ಟರಲ್ಲಿ ಬಂದರಿಗೆ ವಾಪಸಾಗುತ್ತಿದ್ದ ಮೀನಿನ ದೊಡ್ಡ ಟ್ರಾಲ್ ಬೋಟೊಂದು ಪಕ್ಕದಲ್ಲೇ ಹೋಯಿತು. ಅದರ ಫೋಟೊ ತೆಗೆಯಲು ಎಲ್ಲರೂ ಎದ್ದು ಒಂದೇ ಮಗ್ಗುಲಿಗೆ ಸರಿದರು. ಬೋಟು ವಾಲಿತು. ನೀರು ಒಳಗೆ ಬಂತು, ಚಪ್ಪಲಿ ತೇಲುವಷ್ಟು. ಬೋಟಿನವನು ತುಳುವಿನಲ್ಲಿ ಏನೋ ಕೂಗಿದ, ನಮಗೆ ಅರ್ಥವಾಗಲಿಲ್ಲ, ಕೂತ್ಕೊಳ್ಳಿ ಅಂದಿರಬೇಕು. ಅಜ್ಜಿ ನನ್ನ ತೋಳು ಹಿಡಿದದ್ದು ದಡಕ್ಕೆ ಬಂದ ಮೇಲೂ ಬಿಡಲಿಲ್ಲ. ಟೀಚರಮ್ಮ ಆಗುಂಬೆ ಹತ್ತಿ ಮುಗಿಯುವ ತನಕ ಯಾರ ಹತ್ತಿರವೂ ಮಾತಾಡಲಿಲ್ಲ. ಕಟ್ಟಿಕೊಂಡು ಹೋಗಿದ್ದ ಮಂಡಕ್ಕಿ ಹಾಗೇ ವಾಪಸ್ ಬಂತು. ನಮ್ಮೂರಿನ ಗಾಡಿಯಲ್ಲಿ ಮಂಡಕ್ಕಿ ಉಳಿಯಿತು ಅಂದರೆ ಏನಾಗಿತ್ತು ಅಂತ ನೀವೇ ಲೆಕ್ಕ ಹಾಕಿ.

ಏನೂ ಆಗಲಿಲ್ಲವಲ್ಲ ಅನ್ನುತ್ತೀರಿ. ಕಛೇರಿಯಲ್ಲೂ ಅದನ್ನೇ ಅಂದರು.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿಕೊಂಡು ಬರುತ್ತಿದ್ದ ದೋಣಿ ಮಗುಚಿತು. 16 ಜನ ಹೋದರು. ಅವರಲ್ಲಿ ಹಾವೇರಿ ಕಡೆಯವರಿದ್ದರು. ದಾವಣಗೆರೆಯಿಂದ ಹಾವೇರಿಗೆ ಹೆದ್ದಾರಿಯಲ್ಲಿ ಎರಡು ತಾಸೂ ಬೇಕಿಲ್ಲ. ನಮ್ಮ ಹಾಗೇ ನಾಲೆ ನೀರು ಕಂಡವರು. ಕೇರಳದ ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು 45 ಜನ ಸತ್ತರಲ್ಲ, ಆಗಲೂ ಪ್ರವಾಸಿಗರು ಒಂದೇ ಕಡೆಗೆ ಸರಿದಿದ್ದರು. 2023ರ ಮೇ 7ರಂದು ಕೇರಳದ್ದೇ ತಾನೂರಿನಲ್ಲಿ 22 ಜನ, ಅದು ಮೀನಿನ ಬೋಟನ್ನೇ ಟೂರಿಸ್ಟ್ ಬೋಟು ಮಾಡಿದ್ದು, ಮೇಲಿಂದ ಜನ ಜಾಸ್ತಿ. 2024ರ ಜನವರಿಯಲ್ಲಿ ವಡೋದರಾದ ಕೆರೆಯಲ್ಲಿ ಶಾಲಾ ಮಕ್ಕಳು ಮುಳುಗಿದರು, ಹೆಚ್ಚಿನವರ ಮೈಮೇಲೆ ಜಾಕೆಟ್ ಇರಲಿಲ್ಲ. ಬೋಟು ಮಗುಚಲು ನಿಮಿಷ ಬೇಕಾಗಿಲ್ಲ. ಸೀಟಿನ ಕೆಳಗಿರುವ ಜಾಕೆಟ್ಟು ಆಗ ಯಾವ ಉಪಯೋಗಕ್ಕೂ ಬರುವುದಿಲ್ಲ. ದಡದಲ್ಲಿ ಚೀಲದಲ್ಲಿರುವುದಂತೂ ಬಿಡಿ.

ನಿಯಮ ಇಲ್ಲ ಎನ್ನುವ ಹಾಗಿಲ್ಲ. ನೂರು ವರ್ಷದ ಹಳೇ ಕಾನೂನು ತೆಗೆದು 2021ರಲ್ಲಿ ಇನ್‌ಲ್ಯಾಂಡ್ ವೆಸೆಲ್ಸ್ ಕಾಯ್ದೆ ಬಂದಿದೆ. ಬೋಟಿಗೆ ತಪಾಸಣೆ, ನೋಂದಣಿ, ವಿಮೆ, ನಡೆಸುವವನಿಗೆ ಸರ್ಟಿಫಿಕೇಟ್, ಎಲ್ಲ ಅದರಲ್ಲಿದೆ. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿರುವವರಿಗೆ ಏನು ಹೇಳುವುದು.

ನನ್ನ ಗಾಡಿ ವಿಷಯ ಕೇಳಿ. ಎಫ್‌ಸಿ ಬೇಕು, ಪರ್ಮಿಟ್ ಬೇಕು, ಇನ್ಶೂರೆನ್ಸ್, ಎಮಿಷನ್, ಸ್ಪೀಡ್ ಗವರ್ನರ್, ಬೆಂಕಿ ಆರಿಸುವ ಸಿಲಿಂಡರ್, ಫಸ್ಟ್ ಏಡ್ ಡಬ್ಬಿ ಬೇಕು. ಡಬ್ಬಿಯೊಳಗೆ ಟಿಂಚರ್ ಮುಗಿದಿದೆ ಅಂತಲೂ ದಂಡ ಕಟ್ಟಿದ್ದೇನೆ. ಸೀಟಿಗಿಂತ ಒಂದು ತಲೆ ಹೆಚ್ಚಾದರೆ ಗಾಡಿ ಸೈಡಿಗೆ. ಬೇಸರವಿಲ್ಲ, ಸರಿಯೇ ಅದು. ಘಾಟಿಯಲ್ಲಿ ನನ್ನ ಹಿಂದೆ ಕೂತವರ ಜೀವ ಅದು. ಆದರೆ ಅದೇ ಹತ್ತು ಜನ ನನ್ನ ಗಾಡಿ ಇಳಿದು ನೂರು ಹೆಜ್ಜೆ ನಡೆದು ಬೋಟ್ ಹತ್ತಿದ ತಕ್ಷಣ ಅವರನ್ನು ಎಣಿಸುವವರು ಯಾರೂ ಇಲ್ಲ. ‘ಒಂದು ರಾಜ್ಯ, ಹಲವು ಜಗತ್ತು’ ಅಂತ ನಿಮ್ಮ ಜಾಹೀರಾತಿನಲ್ಲಿ ಬರೆದಿರುತ್ತಲ್ಲ, ಅದು ಇದೇ ಇರಬೇಕು.

ದೂರು ಕೊಟ್ಟರೆ ಆಗುವುದೂ ಹೇಳುತ್ತೇನೆ. ಒಂದು ಕಛೇರಿಯವರು ಬೋಟು ನಮಗೆ ಬರಲ್ಲ ಅನ್ನುತ್ತಾರೆ. ಇನ್ನೊಂದು ಕಛೇರಿಯವರು ಬೋಟು ನಮ್ಮದು, ಟೂರಿಸ್ಟು ನಮ್ಮವರಲ್ಲ ಅನ್ನುತ್ತಾರೆ. ಮೂರನೆಯವರು ಜೆಟ್ಟಿ ಮಾತ್ರ ನಮ್ಮದು ಅಂದರು. ಹಾಗಾದರೆ ನೀರು ಯಾರದ್ದು ಅಂತ ಕೇಳಿದ್ದಕ್ಕೆ ಉದ್ಧಟತನ ಅಂದರು. ಒಬ್ಬರಂತೂ, ‘ನೀವು ದಾವಣಗೆರೆಯವರು, ದೂರು ದಾವಣಗೆರೆಯಲ್ಲಿ ಕೊಡಿ’ ಅಂದರು. ಕೊಟ್ಟೆ. ನಮ್ಮಲ್ಲಿ ಸಮುದ್ರ ಇಲ್ಲ ಅಂತ ಉತ್ತರ ಬಂತು. ಅದು ಮಾತ್ರ ಸತ್ಯವಾದ ಉತ್ತರ, ಅದಕ್ಕೆ ನಾನು ತಕರಾರು ಮಾಡಿಲ್ಲ.

ಅದಕ್ಕೇ ನೇರವಾಗಿ ನಿಮಗೆ. ಜಾಕೆಟ್ ಹಾಕಿ, ಬಕಲ್ ಬಿಗಿದು ಆಗುವ ತನಕ ಯಾವ ಟೂರಿಸ್ಟ್ ಬೋಟೂ ಹಗ್ಗ ಬಿಚ್ಚಬಾರದು. ವಾಪಸ್ ಬಂದು ದಡಕ್ಕೆ ಇಳಿಯುವ ತನಕ ಅದನ್ನು ಯಾರೂ ಬಿಚ್ಚಿಸಬಾರದು. ಮಕ್ಕಳಿಗೆ ಮಕ್ಕಳ ಅಳತೆಯದ್ದೇ ಇರಬೇಕು, ಕಾಲಿನ ನಡುವೆ ಹಾಯುವ ಪಟ್ಟಿ ಇರುವಂಥದ್ದು. ಅದಕ್ಕೆ ಬಾಡಿಗೆ ಕೇಳಬಾರದು, ಬೇಕಾದರೆ ಟಿಕೆಟ್‌ನಲ್ಲೇ ಸೇರಿಸಿ ತಗೊಳ್ಳಲಿ, ನಮ್ಮವರು ಕೊಡುತ್ತಾರೆ. ಬೋಟಿನ ಮೈಮೇಲೆ ಎಷ್ಟು ಜನ ಅಂತ ಕನ್ನಡದಲ್ಲಿ, ದೂರದಿಂದ ಕಾಣುವಷ್ಟು ದೊಡ್ಡದಾಗಿ ಬರೆದಿರಬೇಕು. ಹತ್ತು ಎಂದು ಬರೆದಿದ್ದರೆ ಹನ್ನೊಂದನೆಯವನು ನಾನೇ ಆದರೂ ಕೆಳಗೆ ಇಳಿಸಲಿ. ಎಣಿಸುವುದಕ್ಕೆ ದಡದಲ್ಲಿ ಒಬ್ಬ ಮನುಷ್ಯ ಬೇಕು. ಹೋಂ ಗಾರ್ಡ್ ಆದರೂ ಸಾಕು. ಜಾತ್ರೆಯಲ್ಲಿ ಚಪ್ಪಲಿ ಕಾಯುವುದಕ್ಕೂ ಟೋಕನ್ ಕೊಟ್ಟು ಒಬ್ಬರನ್ನು ಕೂರಿಸುತ್ತೇವಲ್ಲ ಸ್ವಾಮಿ.

ಇದಕ್ಕೆ ಸಮಿತಿ ಬೇಡ, ಅಧ್ಯಯನ ಪ್ರವಾಸ ಬೇಡ. ವಿದೇಶಕ್ಕೆ ಹೋಗಿ ಬೋಟು ನೋಡಿ ಬರುವುದಂತೂ ಬೇಡವೇ ಬೇಡ. ಜಾಕೆಟ್ ಹಾಕದೆ ಹಗ್ಗ ಬಿಚ್ಚಬಾರದು ಎಂಬ ಒಂದು ಆದೇಶ, ಆದೇಶ ಮೀರಿದವನ ಬೋಟು ನಿಲ್ಲಿಸುವ ಒಬ್ಬ ಅಧಿಕಾರಿ, ಆ ಅಧಿಕಾರಿಯ ಫೋನ್ ನಂಬರ್ ಜೆಟ್ಟಿಯ ಗೋಡೆ ಮೇಲೆ. ಕರಾವಳಿಯ ಮೂರೂ ಜಿಲ್ಲೆಗಳಿಗೆ ಅನ್ವಯಿಸಲಿ. ನಮ್ಮ ಸೂಳೆಕೆರೆಯಲ್ಲೂ, ವಾಣಿವಿಲಾಸ ಸಾಗರದಲ್ಲೂ ಬೋಟು ಇಳಿದರೆ ಅಲ್ಲಿಗೂ ಅದೇ ಆದೇಶ. ಹಿನ್ನೀರು ಸಿಹಿ ಅಂತ ಮುಳುಗದೆ ಇರುವುದಿಲ್ಲ.

ದಸರಾ ರಜೆಗೆ ಈಗಲೇ ಬುಕಿಂಗ್ ಬರುತ್ತಿವೆ. ಎಲ್ಲರೂ ಕೇಳುವ ಮೊದಲ ಪ್ರಶ್ನೆ, ‘ಬೋಟಿಂಗ್ ಇದೆಯಾ?’ ಮಳೆಗಾಲ ಮುಗಿದು ಬೋಟುಗಳು ಮತ್ತೆ ನೀರಿಗೆ ಇಳಿಯುವ ಮೊದಲು ಆದೇಶ ಹೊರಬಂದರೆ ಇದೆ ಅನ್ನುತ್ತೇನೆ. ಬಾರದಿದ್ದರೆ ಮಂಗಳೂರಿನಲ್ಲಿ ದಡದ ಮೇಲೆ ನಿಂತು ದೂರದಿಂದ ತೋರಿಸಿಕೊಂಡು ಬರುತ್ತೇನೆ, ಬಾಡಿಗೆ ಕಮ್ಮಿಯಾದರೂ ಸರಿ. ಯಾಕೆ ಅಂತ ಕೇಳಿದವರಿಗೆ ಈ ಪತ್ರವನ್ನೇ ಕೊಡುತ್ತೇನೆ, ಇದರ ಪ್ರತಿಗಳನ್ನು ಪ್ರತಿ ಸೀಟಿನ ಹಿಂದೆ ಇಡುವಷ್ಟು ಮಾಡಿಸಿಟ್ಟಿದ್ದೇನೆ. ಉತ್ತರ ಬಂದ ದಿನ ಅದನ್ನೂ ಪಕ್ಕದಲ್ಲೇ ಅಂಟಿಸುತ್ತೇನೆ.

ಇಂತಿ,
ದಾವಣಗೆರೆಯ ಒಬ್ಬ ಟಿಟಿ ಡ್ರೈವರ್