ಮುಲಾಂಜೆ ಬೆಟ್ಟದ ದಾರಿಯಲ್ಲಿ ಒಂದು ಸಂಜೆ

ಮಾನ್ಯ ಸಂಪಾದಕರೇ,

ಆಫ್ರಿಕಾದ ಮಲಾವಿಯಲ್ಲಿ ಮುಲಾಂಜೆ ಅಂತ ಬೆಟ್ಟ ಇದೆ, ಅದರ ತುದಿ ಸಪಿಟ್ವಾ 3,002 ಮೀಟರ್ ಎತ್ತರ. ಆ ಬೆಟ್ಟದ ಬುಡದ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಲ್ಲಿ ನಾನು ವಾಲಂಟಿಯರ್ ಆಗಿದ್ದೆ. ಅಲ್ಲಿ ಮಳೆಗಾಲ ಅಂದ್ರೆ ಮಲೇರಿಯಾ ಟೈಮು, ಒಂದೊಂದು ಬೆಡ್ಡಲ್ಲಿ ಇಬ್ಬಿಬ್ರು ಮಕ್ಕಳು.

ಒಂದಿನ ಡ್ಯೂಟಿ ಮುಗಿಸಿ ಸಂಜೆ ಬೆಟ್ಟ ಹತ್ತೋಕೆ ಹೊರಟ್ವಿ. ಟೀ ತೋಟದ ಮಧ್ಯೆ ಕೆಂಪು ಮಣ್ಣಿನ ಕಾಲುದಾರಿ, ಮಳೆ ಬಿದ್ದು ಜಾರ್ತಿತ್ತು, ಎದುರಿಗೆ ಹೆಂಗಸರು ತಲೆ ಮೇಲೆ ಸೌದೆ ಹೊರೆ ಇಟ್ಕೊಂಡು ಬರಿಗಾಲಲ್ಲಿ ಸರಸರ ಇಳೀತಿದ್ರು, ನಮಗೆ ಬೂಟು ಹಾಕ್ಕೊಂಡೂ ಆಗ್ತಿರ್ಲಿಲ್ಲ. ಬಂಡೆ ಮೇಲೆ ಬಿಸಿಲು ಕೆಂಪಾಗಿ ಬಿದ್ದಿತ್ತು, ಎಷ್ಟು ಚೆನ್ನಾಗಿತ್ತು ಅಂದ್ರೆ ಮಾತೇ ಹೊರಡ್ಲಿಲ್ಲ. ಆದ್ರೆ ನನ್ನ ಕಣ್ಣ ಮುಂದೆ ಬೆಳಗ್ಗೆ ಬಂದ ಮಗು ಇತ್ತು, ನರ್ಸ್ ಅದರ ಕೆಳರೆಪ್ಪೆ ಎಳೆದು ನೋಡಿದಾಗ ಒಳಗೆ ಕಾಗದದ ಹಾಗೆ ಬಿಳಿ, ಮಲೇರಿಯಾ ರಕ್ತಾನೇ ತಿಂದುಹಾಕಿತ್ತು. ಕತ್ತಲಾಗೋ ಮುಂಚೆ ಇಳಿದ್ವಿ, ಆ ಸೊಳ್ಳೆ ಕಚ್ಚೋದು ರಾತ್ರೀನೇ ಅಲ್ವಾ. ವಾರ್ಡಿಗೆ ಹೋದ್ರೆ ಮಗೂಗೆ ರಕ್ತ ಏರಿಸ್ತಿದ್ರು, ಅವರಮ್ಮ ‘ಜಿಕೋಮೊ’ ಅಂದ್ರು, ಥ್ಯಾಂಕ್ಸ್ ಅಂತ.

ಮಕ್ಕಳ ಮಲೇರಿಯಾ ಲಸಿಕೆ ರೊಟೀನಾಗಿ ಕೊಡೋಕೆ ಮೊದಲು ಶುರು ಮಾಡಿದ್ದು ಇದೇ ಮಲಾವಿ, 2019ರ ಏಪ್ರಿಲ್‌ನಲ್ಲಿ. ನಾಲ್ಕು ಡೋಸ್ ಬೇಕು, ಮಗು ಎತ್ಕೊಂಡು ಅಷ್ಟು ದೂರ ನಡೆದು ಬರೋ ತಾಯಂದಿರಿಗೆ ಪ್ರತಿ ಸಲ ಬರೋದು ಕಷ್ಟ. ದಯವಿಟ್ಟು ಇದರ ಬಗ್ಗೆ ಒಂದು ಪುಟ ಬರೀರಿ.

ನಿಮ್ಮ ಓದುಗ